ಅರ್ಧ ಗಂಟೆಯ ಕುಜದೋಷ

ಹುಳಿಯಾರಿನಿಂದ ನನ್ನನ್ನು ನೋಡಲು ಬಂದ ಹುಡುಗನಿಗೆ ಉಪ್ಪಿಟ್ಟಿನ ಮೊದಲ ತುತ್ತಿಗೇ ಬಿಕ್ಕಳಿಕೆ ಹತ್ತಿತು. ಅವನ ಸೋದರಮಾವ ಗಂಭೀರವಾಗಿ ನನ್ನ ಓದು ವಿಚಾರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗ ಬಿಕ್ಕಳಿಸಿದ. ಕೆಲಸ ಏನು ಎಂದರು, ಮತ್ತೆ ಬಿಕ್ಕಳಿಕೆ. ನೀರು ಕುಡಿಸಿದರು, ಉಸಿರು ಹಿಡಿಸಿದರು, ಯಾರೋ ಬೆನ್ನಿಗೆ ಗುದ್ದಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತ ಕೂತಿದ್ದೆ. ನಗು ತಡೆಯಲು ಹೋಗಿ ಭುಜ ಕುಣಿಯುತ್ತಿತ್ತು. ತಲೆ ಎತ್ತಿದಾಗ ಅವನೂ ನನ್ನ ಕಡೆಯೇ ನೋಡುತ್ತಿದ್ದ. ಇಬ್ಬರಿಗೂ ಒಟ್ಟಿಗೇ ನಗು ಕಿತ್ತುಕೊಂಡು ಬಂತು. ಅವನ ಬಿಕ್ಕಳಿಕೆ ಅಲ್ಲಿಗೆ ನಿಂತುಹೋಯಿತು.

ಆ ವಾರವೆಲ್ಲ ನಾನು ನೆಲದ ಮೇಲೆ ಇರಲಿಲ್ಲ ಎನ್ನಬೇಕು. ಸಾರಿಗೆ ಉಪ್ಪು ಹಾಕಿ, ಹಾಕಿದ್ದು ಮರೆತು ಮತ್ತೆ ಹಾಕಿದೆ. ಸ್ಕೂಟರಿನ ಕೀಲಿ ಫ್ರಿಜ್ಜಿನಲ್ಲಿ ಸಿಕ್ಕಿತು. ಅದನ್ನು ಕಂಡ ಅಮ್ಮ ಅಪ್ಪನಿಗೆ ಬೇಗ ಮುಹೂರ್ತ ಇಡಿಸಿ ಎಂದಳು.

ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು. ತಿಪಟೂರಿನಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ನನ್ನದು ಒಂದು ಕೋಣೆಯ ಆಫೀಸು. ಕೊಬ್ಬರಿ ಮಂಡಿಗಳವರು, ಗೊಬ್ಬರದ ಅಂಗಡಿಯವರು, ಒಂದೆರಡು ಶಾಲೆಯವರು ತಮ್ಮ ವ್ಯವಹಾರಕ್ಕೆ ಇಟ್ಟುಕೊಂಡಿರುವ ಡೇಟಾಬೇಸುಗಳನ್ನು ನೋಡಿಕೊಳ್ಳುತ್ತೇನೆ. ಹೆಸರು, ತಾರೀಖು, ಸರಕಿನ ವಿವರ ಎಲ್ಲವನ್ನೂ ಕಂಪ್ಯೂಟರಿನ ಒಳಗೆ ಅಡಕವಾಗಿ ಜೋಡಿಸಿಟ್ಟು, ಕೇಳಿದ ತಕ್ಷಣ ಹುಡುಕಿ ಕೊಡುವ ಉಗ್ರಾಣದಂಥ ತಂತ್ರಾಂಶ ಅದು. ಉಗ್ರಾಣಿ ನಾನು.

ನನ್ನ ಮೊದಲ ಗಿರಾಕಿ ತುರುವೇಕೆರೆಯ ಜೋಯಿಸರು. ನಮ್ಮ ಮನೆತನಕ್ಕೆ ತಾತನ ಕಾಲದಿಂದಲೂ ಅವರ ಮನೆಯೇ ಗತಿ, ಹುಳಿಯಾರಿನವರಿಗೂ ಅಷ್ಟೇ. ಎಪ್ಪತ್ತು ದಾಟಿದ್ದರೂ ಯಂತ್ರಗಳೆಂದರೆ ಅವರಿಗೆ ಬಲು ಅಕ್ಕರೆ. ಸುತ್ತಲಿನ ಮೂರು ತಾಲ್ಲೂಕಿನ ಜನರ ಹುಟ್ಟಿದ ದಿನ, ಹೊತ್ತು, ಊರು ಎಲ್ಲವನ್ನೂ ಸೇರಿಸಿ, ಕೇಳಿದವರ ಕುಂಡಲಿ ಪರದೆಯ ಮೇಲೆ ಬರುವಂತೆ ಅವರಿಗೊಂದು ತಂತ್ರಾಂಶ ಮಾಡಿಕೊಟ್ಟಿದ್ದೆ. ಗ್ರಹಗಳ ಗಣಿತ ಅವರು ಹೇಳಿದರು, ಉಳಿದದ್ದು ನಾನು ಬರೆದೆ. ಜಾತಕ ನಂಬುತ್ತೀಯಾ ಎಂದು ಗೆಳತಿಯರು ಕೆಣಕುವುದುಂಟು. ನಂಬುವುದು ಬಿಡುವುದು ಹಾಗಿರಲಿ ಎನ್ನುತ್ತೇನೆ. ಆದರೆ ತಪ್ಪು ಮಾಹಿತಿಯ ಮೇಲೆ ಹಾಕಿದ ಜಾತಕವನ್ನು ಮಾತ್ರ ಯಾವ ದೇವರೂ ನಂಬಲಾರ.

ಹುಡುಗ ನೋಡಲು ಬರುವ ಮೊದಲೇ ಜೋಯಿಸರು ನಮ್ಮಿಬ್ಬರ ಜಾತಕ ಕೂಡಿಸಿ, ಒಳ್ಳೆ ಕೂಟ ಎಂದಿದ್ದರು. ಅದಾದ ಮೇಲೆ ಅವರ ಹಳೆಯ ಕಂಪ್ಯೂಟರು ಹೊಗೆ ಬಿಟ್ಟು ಸತ್ತಿತು. ಹೊಸದನ್ನು ಅಂಗಡಿಯವರು ತಂದು ಜೋಡಿಸಿ, ಗಡಿಯಾರ ಸರಿಮಾಡಿ ಹೋದರು. ನಾನು ಡೇಟಾಬೇಸನ್ನು ಹೊಸದಾಗಿ ಹಾಕಿ, ಬೇರೆಡೆ ಕಾಯ್ದಿಟ್ಟಿದ್ದ ಪ್ರತಿಯಿಂದ ಎಲ್ಲರ ಜನ್ಮವಿವರ ತುಂಬಿಕೊಟ್ಟೆ. ಒಂದೂ ಕಳೆದಿರಲಿಲ್ಲ. ಜೋಯಿಸರು ಸಂತೋಷದಿಂದ ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು ಕಳಿಸಿದ್ದರು.

ಮುಹೂರ್ತ ಕೇಳಲು ಅಪ್ಪ ಫೋನ್ ಮಾಡಿದರು. ಆ ಕಡೆಯಿಂದ ಜೋಯಿಸರ ಮಾತು ನಮಗೆ ಕೇಳುತ್ತಿರಲಿಲ್ಲ, ಅಪ್ಪನ ಮುಖ ಮಾತ್ರ ಕಾಣುತ್ತಿತ್ತು. ಫೋನ್ ಇಟ್ಟು, ಕುರ್ಚಿ ಎಳೆದುಕೊಂಡು ಕೂತು, ನನ್ನ ಜಾತಕದಲ್ಲಿ ಕುಜದೋಷ ಕಾಣಿಸುತ್ತಿದೆಯಂತೆ ಎಂದರು. ಲಗ್ನಕ್ಕೆ ಎಂಟನೇ ಮನೆಯಲ್ಲಿ ಕುಜ ಇದ್ದಾನಂತೆ. ಹುಡುಗನಿಗೆ ದೋಷವಿಲ್ಲ, ನನಗಿದೆ, ಆದ್ದರಿಂದ ಕೂಡಿಬರುವುದಿಲ್ಲ. ಮೊದಲು ಸರಿ ಎಂದವರು ಈಗ ಹೀಗೆಂದರೆ ಹೇಗೆ ಎಂದು ಅಪ್ಪ ಕೇಳಿದ್ದಕ್ಕೆ, ಆಗ ತಮ್ಮ ಕಣ್ಣಿನ ಪೊರೆ ತೆಗೆಸಿರಲಿಲ್ಲ, ಸರಿಯಾಗಿ ಕಂಡಿರಲಾರದು ಎಂದು ಜೋಯಿಸರು ಬಹಳ ನೊಂದುಕೊಂಡರಂತೆ. ಹುಳಿಯಾರಿಗೂ ಆಗಲೇ ತಿಳಿಸಿದ್ದರು.

ಸಂಜೆ ಹುಡುಗನೇ ನನಗೆ ಫೋನ್ ಮಾಡಿದ. ಅದು ಅವನ ಮೊದಲ ಫೋನು. ಅಂಥ ಸಂದರ್ಭದಲ್ಲೂ ಎದೆ ಕುಣಿಯದೆ ಬಿಡಲಿಲ್ಲ.

"ನಂಗೆ ಕುಜ ಇದ್ರೂ ಒಂದೇ, ಇಲ್ದಿದ್ರೂ ಒಂದೇ ಕಣ್ರೀ. ಅಜ್ಜಿ ಮಾತ್ರ ಊಟ ಬಿಟ್ಟು ಕೂತವ್ರೆ" ಎಂದ. ಆಮೇಲೆ, "ನೀವು ಕಂಪ್ಯೂಟ್ರು ರಿಪೇರಿ ಮಾಡ್ತೀರಲ್ಲ, ಇದ್ಕೇನೂ ಮಾಡಕ್ಕಾಗಲ್ವಾ?" ಎಂದು ಕೇಳಿದ.

ಗ್ರಹ ರಿಪೇರಿ ನನಗೆ ಬರುವುದಿಲ್ಲ ಎಂದೆ. ಅವನು ನಕ್ಕ. ಫೋನ್ ಇಟ್ಟ ಮೇಲೆ ಅವನ ಮಾತು ತಲೆಯೊಳಗೆ ಕೂತುಬಿಟ್ಟಿತು. ಕುಂಡಲಿ ಬರೆಯುವುದು ಜೋಯಿಸರ ಕಣ್ಣಲ್ಲ, ನನ್ನ ತಂತ್ರಾಂಶ. ಕಣ್ಣಿನ ಪೊರೆಗೂ ಎಂಟನೇ ಮನೆಗೂ ಏನು ಸಂಬಂಧ?

ಮಾರನೆಯ ದಿನ ಬೆಳಗ್ಗೆ ಅಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತುರುವೇಕೆರೆಗೆ ಹೊರಟೆ. ದಾರಿಯುದ್ದಕ್ಕೂ ಅಮ್ಮ ಕುಜನನ್ನು ಬೈಯುತ್ತಿದ್ದಳು. ಅವಳ ಬೈಗುಳ ಕೇಳಿ ಹೆದರಿಕೆಯ ನಡುವೆಯೂ ನನಗೆ ನಗು. ಒಮ್ಮೊಮ್ಮೆ ನನ್ನ ಬುದ್ಧಿಯೇ ಹಾಗೆ, ಅಳಬೇಕಾದಲ್ಲಿ ನಗು ಉಕ್ಕುತ್ತದೆ.

ಜೋಯಿಸರು ಪೆಚ್ಚು ಮುಖ ಮಾಡಿಕೊಂಡು ಬಾಗಿಲಲ್ಲೇ ಕಾದಿದ್ದರು. ಹೊಸ ಕಂಪ್ಯೂಟರಿಗೆ ಅವರ ಹೆಂಡತಿ ಕಸೂತಿಯ ಬಟ್ಟೆ ಹೊದಿಸಿದ್ದರು. ಬಟ್ಟೆ ಸರಿಸಿ ನನ್ನ ವಿವರ ತೆಗೆದೆ. ನಾನು ಹುಟ್ಟಿದ ಹೊತ್ತು ಬೆಳಗ್ಗೆ ಆರು ದಾಟಿ ಇಪ್ಪತ್ತು ನಿಮಿಷ ಎಂದಿತ್ತು.

ಅಮ್ಮ ಹಿಂದಿನಿಂದ ಬಗ್ಗಿ ನೋಡಿದಳು. "ಆರಕ್ಕೆ ಮುಂಚೆ ಕಣೇ ನೀನು ಹುಟ್ಟಿದ್ದು. ಆರು ಗಂಟೆ ಬಸ್ಸಿಗೆ ನಿಮ್ಮಜ್ಜಿ ಆಸ್ಪತ್ರೆಗೆ ಬಂದ್ರು. ಅವ್ರು ಬರೋ ಹೊತ್ತಿಗೆ ನೀನು ಬಟ್ಟೆ ಸುತ್ಕೊಂಡು ಮಲಗಿದ್ದೆ."

ಹಾಗಾದರೆ ಐದೂ ಐವತ್ತು ಇರಬೇಕು. ಹಿಂದೆ ಹಾಗೇ ಇದ್ದದ್ದು ನನಗೂ ನೆನಪಿತ್ತು. ಅರ್ಧ ಗಂಟೆ ಹೆಚ್ಚಾಗಿದೆ. ಆ ಅರ್ಧ ಗಂಟೆಯಲ್ಲಿ ಲಗ್ನ ಮುಂದಿನ ರಾಶಿಗೆ ಜಾರಿ, ಒಂಬತ್ತನೇ ಮನೆಯಲ್ಲಿ ತೆಪ್ಪಗಿದ್ದ ಕುಜ ಎಂಟಕ್ಕೆ ಬಂದು ಕೂತಿದ್ದಾನೆ.

ಅಣ್ಣನ ವಿವರ ತೆಗೆದೆ. ಅವನು ನನಗಿಂತ ಆರು ವರ್ಷ ದೊಡ್ಡವನು. ಸರಿಯಾಗಿತ್ತು. ಜೋಯಿಸರದು ಸರಿಯಾಗಿತ್ತು. ಅಣ್ಣನ ಪುಟ್ಟ ಮಗಳದೂ ಸರಿ. ಚಿಕ್ಕಪ್ಪನ ಮಗಳು ನನ್ನ ಓರಗೆಯವಳು. ಅವಳಿಗೆ ಫೋನ್ ಮಾಡಿ ಕೇಳಿ ತಾಳೆ ನೋಡಿದರೆ, ಅವಳದೂ ಅರ್ಧ ಗಂಟೆ ಮುಂದೆ ಹೋಗಿತ್ತು.

ಆಗ ಜೋಯಿಸರು ಮೆಲ್ಲಗೆ ಬಾಯಿಬಿಟ್ಟರು. ಈ ವಾರ ಏನೇನೋ ಆಗುತ್ತಿದೆಯಂತೆ. ಮಾಯಸಂದ್ರದ ಒಬ್ಬ ಹುಡುಗನಿಗೆ ಬಹಳ ವರ್ಷಗಳಿಂದ ಇದ್ದ ಕುಜದೋಷ ಮೊನ್ನೆ ನೋಡಿದರೆ ಮಾಯವಾಗಿತ್ತು. ಅವನ ತಾಯಿ ಸಂತೋಷ ತಾಳಲಾರದೆ ಇವರ ಮನೆಗೆ ಡಬ್ಬಿ ತುಂಬ ಒಬ್ಬಟ್ಟು ತಂದುಕೊಟ್ಟಿದ್ದರು. ತುಪ್ಪ ಹಾಕಿ ತಿಂದೂ ಆಗಿತ್ತು. ಇನ್ನೊಂದು ಹುಡುಗಿಯ ಲಗ್ನವೇ ಬದಲಾಗಿ, ಅವಳ ತಂದೆ ಜಗಳಕ್ಕೆ ಬಂದಿದ್ದರಂತೆ.

"ನನಗೇ ಅರಳು ಮರಳು ಅಂದುಕೊಂಡಿದ್ದೆ ಕಣಮ್ಮ" ಎಂದರು ಜೋಯಿಸರು.

ಮೊದಲು ನನ್ನ ಅನುಮಾನ ಹೋದದ್ದು ಕಂಪ್ಯೂಟರಿನ ಗಡಿಯಾರದ ಮೇಲೆ. ಪರದೆಯ ಮೂಲೆಯಲ್ಲಿದ್ದ ಹೊತ್ತನ್ನೂ ಗೋಡೆಯ ಗಡಿಯಾರವನ್ನೂ ನನ್ನ ಫೋನನ್ನೂ ಹೋಲಿಸಿದೆ. ಮೂರೂ ಒಂದೇ. ಈಗಿನ ಹೊತ್ತು ಸರಿಯಿದ್ದ ಮೇಲೆ ಗಡಿಯಾರದ ತಪ್ಪಲ್ಲ ಎಂದು ಅದನ್ನು ಕೈಬಿಟ್ಟೆ. ಹಾಗೆ ಕೈಬಿಟ್ಟದ್ದರಿಂದಲೇ ಇಡೀ ಬೆಳಗು ಹಾಳಾಯಿತು. ಕಾಯ್ದಿಟ್ಟ ಪ್ರತಿಯನ್ನು ಮತ್ತೆ ತುಂಬಿದೆ. ಅದೇ ಅರ್ಧ ಗಂಟೆ. ಕಂಪ್ಯೂಟರ್ ಆರಿಸಿ ಹಚ್ಚಿದೆ. ನಾನೇ ಬರೆದ ಸಾಲುಗಳನ್ನು ಮೇಲಿನಿಂದ ಕೆಳಗೆ ಓದಿದೆ. ಏನೂ ಸಿಗಲಿಲ್ಲ. ಜೋಯಿಸರ ಹೆಂಡತಿ ಊಟಕ್ಕೆ ಎಬ್ಬಿಸಿ, ಹುರುಳಿಕಾಳಿನ ಸಾರು ಬಡಿಸಿ, ಹೊಟ್ಟೆ ತುಂಬಿದ ಮೇಲೆ ನೋಡಿದರೆ ಕುಜನೂ ಸ್ವಲ್ಪ ಮೆತ್ತಗಾಗಿರುತ್ತಾನೆ ಎಂದರು.

ಊಟವಾದ ಮೇಲೆ ಒಬ್ಬೊಬ್ಬರನ್ನೇ ನೋಡುವುದು ಬಿಟ್ಟು ಎಲ್ಲರನ್ನೂ ವಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಿಸಿದೆ. ಜೋಯಿಸರಿಗೆ ಹಲವರ ಹೊತ್ತು ಬಾಯಿಪಾಠ. ಅವರು ಹೇಳುತ್ತ ಹೋದರು, ನಾನು ಪರದೆ ನೋಡುತ್ತ ಹೋದೆ. ಮುದುಕರೆಲ್ಲ ಸರಿ. ನಡುವಯಸ್ಸಿನವರು ಸರಿ. ಶಾಲೆಗೆ ಹೋಗುವ ಮಕ್ಕಳು ಸರಿ. ಇಪ್ಪತ್ತರಿಂದ ಮೂವತ್ತರ ಒಳಗಿನವರು ಮಾತ್ರ ಅರ್ಧ ಗಂಟೆ ಮುಂದೆ ಹುಟ್ಟಿದ್ದರು. ಅವರಲ್ಲೇ ಎಲ್ಲರಿಗಿಂತ ದೊಡ್ಡವರಾದ ಕೆಲವರು ಒಂದು ಗಂಟೆಯಷ್ಟು ಮುಂದೆ.

"ಮದ್ವೆ ವಯಸ್ಸಿನೋರ್ನೇ ಹುಡುಕಿ ಹಿಡಿದೈತಲ್ಲೇ ಇದು" ಎಂದಳು ಅಮ್ಮ.

ಅದನ್ನು ಕೇಳಿ ನಾನು ಮತ್ತೆ ಗೋಡೆಯ ಗಡಿಯಾರ ನೋಡಿದೆ. ಗಡಿಯಾರ ಇವತ್ತು ಸರಿಯಿದ್ದು, ಒಂದು ಕಾಲದಲ್ಲಿ ಮಾತ್ರ ತಪ್ಪುವುದು ಹೇಗೆ? ಆ ಕಾಲದಲ್ಲಿ ಎಲ್ಲೋ ಗಡಿಯಾರವನ್ನೇ ತಿರುಗಿಸಿರಬೇಕು. ನಮ್ಮಲ್ಲಿ ಯಾರೂ ತಿರುಗಿಸಿಲ್ಲ. ಹಾಗಾದರೆ ಈ ಡೇಟಾಬೇಸು ತಾನು ಯಾವ ಊರಿನಲ್ಲಿ ಇದ್ದೇನೆಂದು ತಿಳಿದುಕೊಂಡಿದೆ?

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ನಾವು ಬರೆದ ಹೊತ್ತನ್ನು ಡೇಟಾಬೇಸು ಹಾಗೇ ಇಟ್ಟುಕೊಳ್ಳುವುದಿಲ್ಲ. ಜಗತ್ತಿಗೆಲ್ಲ ಒಂದೇ ಆದ ಹೊತ್ತಿಗೆ ತಿರುಗಿಸಿ ಒಳಗಿಡುತ್ತದೆ. ಕೇಳಿದಾಗ, ತಾನು ಇರುವ ಊರಿನ ಗಡಿಯಾರ ಆ ದಿನ ಎಷ್ಟು ತೋರಿಸುತ್ತಿತ್ತು ಎಂದು ಲೆಕ್ಕ ಹಾಕಿ ಹೇಳುತ್ತದೆ. ಊರು ತಪ್ಪಿದರೆ ಹೊತ್ತು ತಪ್ಪಿತು.

ನಿನ್ನ ಊರಿನ ಹೊತ್ತು ಯಾವುದು ಎಂದು ಒಂದು ಸಾಲು ಬರೆದು ಕೇಳಿದೆ. ಅದು ತಡಮಾಡದೆ ಉತ್ತರ ಕೊಟ್ಟಿತು. ಕೊಲಂಬೊ.

ನಾನು ಕುರ್ಚಿಯಿಂದ ಎದ್ದು ನಿಂತೆ, ಮತ್ತೆ ಕೂತೆ. ಫೋನಿನಲ್ಲಿ ಹುಡುಕಿದೆ. ಶ್ರೀಲಂಕಾದ ಗಡಿಯಾರವೂ ನಮ್ಮದೂ ಈಗ ಒಂದೇ, ಹಿಂದೆಯೂ ಒಂದೇ ಆಗಿತ್ತು. ತೊಂಬತ್ತಾರರಲ್ಲಿ ಮಾತ್ರ ವಿದ್ಯುತ್ ಉಳಿಸಲೆಂದು ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರು. ಕೆಲವು ತಿಂಗಳ ಮೇಲೆ ಅರ್ಧ ಗಂಟೆ ಹಿಂದಕ್ಕೆ ತಂದರು. ಎರಡು ಸಾವಿರದ ಆರರಲ್ಲಿ ಮತ್ತೆ ನಮ್ಮ ಹೊತ್ತಿಗೇ ಬಂದರು. ಆ ಹತ್ತು ವರ್ಷದೊಳಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಲ್ಲಿ ಹುಟ್ಟಿದ ನಮ್ಮನ್ನೆಲ್ಲ ಈ ಕಂಪ್ಯೂಟರು ಸಮುದ್ರ ದಾಟಿಸಿ ಲಂಕೆಯಲ್ಲಿ ಹೆರಿಸಿತ್ತು.

ಜೋಯಿಸರಿಗೆ ಹೇಳಿದೆ. ಅವರು ಕನ್ನಡಕ ಏರಿಸಿಕೊಂಡು ಪರದೆಗೆ ಬಗ್ಗಿದರು.

"ರಾವಣನೂ ದೊಡ್ಡ ಜ್ಯೋತಿಷಿಯೇ ಕಣಮ್ಮ" ಎಂದರು, "ಆದರೆ ನಮ್ಮ ಹುಡುಗರ ಜಾತಕ ಅವನ ಹತ್ತಿರ ಯಾಕೆ ಹೋಯ್ತು?"

ನನಗೆ ತಡೆಯಲಾಗಲಿಲ್ಲ. ನಕ್ಕೆ. ಅಮ್ಮ ನಕ್ಕಳು. ಜೋಯಿಸರು ನಗಲು ಶುರು ಮಾಡಿ, ಕೆಮ್ಮಿ, ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ನಕ್ಕರು. ಒಳಗಿನಿಂದ ಅವರ ಹೆಂಡತಿ ಏನಾಯಿತೆಂದು ಬಂದವರು, ಅರ್ಥವಾಗದಿದ್ದರೂ ನಮ್ಮನ್ನು ನೋಡಿ ಸೆರಗು ಬಾಯಿಗೆ ಹಿಡಿದರು.

ಯಾಕೆ ಹೋಯಿತು ಎಂಬುದೂ ಬೇಗ ತಿಳಿಯಿತು. ಕಂಪ್ಯೂಟರಿಗೆ ಊರು ಆರಿಸುವ ಪಟ್ಟಿಯಲ್ಲಿ ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ ಒಂದು ಸಾಲಿನಲ್ಲಿವೆ. ಅದರ ಕೆಳಗಿನ ಸಾಲೇ ಶ್ರೀಲಂಕಾದ್ದು. ಅಂಗಡಿಯವರ ಕೈ ಒಂದು ಸಾಲು ಕೆಳಗೆ ಜಾರಿತ್ತು. ಎರಡರ ಹೊತ್ತೂ ಈಗ ಒಂದೇ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ನಾನು ಡೇಟಾಬೇಸ್ ಹಾಕಿದಾಗ ಅದು ತಾನಾಗಿ ಅತ್ತಿತ್ತ ನೋಡಿ, ಕಂಪ್ಯೂಟರ್ ಹೇಳಿದ ಊರನ್ನೇ ತನ್ನ ಊರೆಂದು ಒಪ್ಪಿಕೊಂಡಿತ್ತು.

ಪಟ್ಟಿಯಲ್ಲಿ ಒಂದು ಸಾಲು ಮೇಲಕ್ಕೆ ಸರಿಸಿದೆ. ಮುಗಿಯಿತು ಎಂದುಕೊಂಡು ನನ್ನ ಜಾತಕ ತೆಗೆದರೆ ಕುಜ ಕದಲಿರಲಿಲ್ಲ. ಡೇಟಾಬೇಸನ್ನು ಕೇಳಿದೆ, ಇನ್ನೂ ಕೊಲಂಬೊ ಎಂದೇ ಹೇಳಿತು. ಹಾಕಿದ ದಿನ ಒಮ್ಮೆ ನೋಡಿಕೊಂಡ ಊರನ್ನು ಅದು ತನ್ನ ಸ್ವಂತ ಸೆಟ್ಟಿಂಗಿನಲ್ಲಿ ಬರೆದಿಟ್ಟುಕೊಂಡಿತ್ತು. ಆಮೇಲೆ ಕಂಪ್ಯೂಟರ್ ಎಲ್ಲಿಗೆ ಹೋದರೂ ಅದಕ್ಕೆ ಲೆಕ್ಕವಿಲ್ಲ. ಅದನ್ನೂ ಬದಲಿಸಬೇಕಿತ್ತು.

ಅಷ್ಟು ಹೊತ್ತಿಗೆ ನನಗೆ ಹುಚ್ಚು ಉಲ್ಲಾಸ ಹತ್ತಿತ್ತು. ಏಷ್ಯಾ, ಕೊಲಂಬೊ ಎಂದಿದ್ದ ಜಾಗದಲ್ಲಿ ಏಷ್ಯಾ, ತಿಪಟೂರು ಎಂದು ಬರೆದೆ. ಅಂಥ ಊರು ಗೊತ್ತಿಲ್ಲ ಎಂದು ಅದು ಮುಖದ ಮೇಲೆ ಹೇಳಿತು. ಜೋಯಿಸರಿಗೆ ನಿಜಕ್ಕೂ ಬೇಸರವಾಯಿತು. ಇಷ್ಟು ಕೊಬ್ಬರಿ ಕಳಿಸುವ ಊರು ಗೊತ್ತಿಲ್ಲವೆಂದರೆ ಇದನ್ನು ಮಾಡಿದವರು ಏನು ತಿಂದು ಬೆಳೆದವರು ಎಂದರು. ತುರುವೇಕೆರೆ ಹಾಕಿ ನೋಡು ಎಂದೂ ಹೇಳಿದರು. ಅವರ ಸಮಾಧಾನಕ್ಕೆ ಹಾಕಿದೆ. ಅದೂ ಗೊತ್ತಿರಲಿಲ್ಲ. ಕೊನೆಗೆ ಡೇಟಾಬೇಸಿನ ಪಟ್ಟಿಯಲ್ಲಿ ಇಡೀ ದೇಶಕ್ಕೆ ಇರುವುದು ಕೋಲ್ಕತ್ತ ಒಂದೇ ಎಂದು ವಿವರಿಸಿ, ಅದನ್ನೇ ಬರೆದು, ಡೇಟಾಬೇಸನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದೆ. ಜೊತೆಗೆ ಜಾತಕದ ತಂತ್ರಾಂಶದ ಒಳಗೂ ಊರು ಇದೇ ಎಂದು ಖಚಿತವಾಗಿ ಬರೆದೆ. ಇನ್ನು ಮುಂದೆ ಯಾವ ಕಂಪ್ಯೂಟರಿಗೆ ಹೋದರೂ ಅದು ಅತ್ತಿತ್ತ ನೋಡಿ ಊಹೆ ಮಾಡುವ ಹಾಗಿಲ್ಲ.

ನನ್ನ ಜಾತಕ ತೆಗೆದೆ. ಐದೂ ಐವತ್ತು. ಕುಜ ಒಂಬತ್ತನೇ ಮನೆಯಲ್ಲಿ ಕೈಕಟ್ಟಿ ಕೂತಿದ್ದ. ಅಮ್ಮ ಪರದೆಗೆ ಕೈಮುಗಿದಳು. ನಾನು ಜೋಯಿಸರ ಹೆಂಡತಿಯ ಎರಡೂ ಕೈ ಹಿಡಿದು ಒಂದು ಸುತ್ತು ತಿರುಗಿಸಿಬಿಟ್ಟೆ. ಅವರು ಬೇಡ ಬೇಡ ಎನ್ನುತ್ತಲೇ ತಿರುಗಿದರು.

ಆದರೆ ಜೋಯಿಸರ ಮುಖ ಸಪ್ಪಗಾಗಿತ್ತು. ಮಾಯಸಂದ್ರದ ತಾಯಿಯ ಒಬ್ಬಟ್ಟು ಅವರಿಗೆ ನೆನಪಾಗಿತ್ತು. ಹೋಗಿದ್ದ ದೋಷ ತಿರುಗಿ ಬಂತು ಎಂದು ಆ ಹೆಂಗಸಿಗೆ ಹೇಗೆ ಹೇಳುವುದು? ಒಬ್ಬಟ್ಟು ತಿಂದ ಬಾಯಲ್ಲಿ ಹೇಳಲಾರೆ ಎಂದು ಫೋನನ್ನು ಕೈಯಲ್ಲಿ ಹಿಡಿದು ಕೂತರು. ಕೊನೆಗೆ ನಾವಿಬ್ಬರೂ ಒತ್ತಾಯಿಸಿದ ಮೇಲೆ ಮಾಡಿದರು. ಆ ತಾಯಿ ಆಗಲೇ ಮಗನನ್ನು ಕರೆದುಕೊಂಡು ಹೊನ್ನವಳ್ಳಿಯಲ್ಲಿ ಒಂದು ಹುಡುಗಿಯನ್ನು ನೋಡಿ ಬಂದಿದ್ದರಂತೆ. ಇಬ್ಬರೂ ಒಪ್ಪಿದ್ದಾರಂತೆ. ಜೋಯಿಸರು ಅಯ್ಯೋ ಎಂದು ಹಣೆ ಮುಟ್ಟಿಕೊಂಡು, ಹುಡುಗಿಯ ಹುಟ್ಟಿದ ದಿನ ಕೇಳಿದರು. ಅವಳ ವಿವರವೂ ಇವರ ಬಳಿ ಇತ್ತು, ಅವಳೂ ಆ ಹತ್ತು ವರ್ಷಗಳೊಳಗೆ ಹುಟ್ಟಿದವಳೇ. ನಾನು ತೆಗೆದು ತೋರಿಸಿದೆ. ಸರಿಯಾದ ಹೊತ್ತಿಗೆ ಅವಳಿಗೂ ಕುಜದೋಷ ಇತ್ತು. ಇಬ್ಬರಿಗೂ ಇದ್ದರೆ ಒಂದಕ್ಕೊಂದು ವಜಾ ಎಂದು ಶಾಸ್ತ್ರ. ಲಂಕೆಯ ಲೆಕ್ಕದಲ್ಲಿ ಇಬ್ಬರಿಗೂ ಇರಲಿಲ್ಲ, ನಮ್ಮ ಲೆಕ್ಕದಲ್ಲಿ ಇಬ್ಬರಿಗೂ ಇತ್ತು. ಹೇಗೆ ನೋಡಿದರೂ ಮದುವೆ ಮಾಡಬಹುದಿತ್ತು. ಜೋಯಿಸರು ಫೋನಿನಲ್ಲಿ ಅಷ್ಟನ್ನೂ ವಿವರಿಸಲು ಹೋಗದೆ, ತಾಯೀ ಧೈರ್ಯವಾಗಿ ಮಾಡಿ, ಉಳಿದದ್ದು ಮನೆಗೆ ಬಂದಾಗ ಹೇಳುತ್ತೇನೆ ಎಂದರು.

ಹುಳಿಯಾರಿಗೆ ಮಾತ್ರ ಫೋನ್ ಸಾಲದು, ತಾವೇ ಹೋಗಿ ಹೇಳಬೇಕು ಎಂದು ಹಟ ಹಿಡಿದರು. ಅಪ್ಪ ನಮ್ಮ ಹಳೆಯ ವ್ಯಾನು ತೆಗೆದರು. ಭಾನುವಾರ ಜೋಯಿಸರು, ಅಪ್ಪ, ಅಮ್ಮ, ನಾನು ಎಲ್ಲ ಹೊರಟೆವು. ಹೆಣ್ಣಿನ ಕಡೆಯವರು ಹೀಗೆ ಹುಡುಗಿಯನ್ನೇ ಕರೆದುಕೊಂಡು ಹೋಗುವುದು ಪದ್ಧತಿಯಲ್ಲ. ಆದರೆ ವಿವರಿಸಲು ಬರುವುದು ನನಗೊಬ್ಬಳಿಗೇ.

ಆ ಮನೆಯ ಜಗಲಿಯಲ್ಲಿ ಹುಡುಗನ ಅಜ್ಜಿ ಕಾಲು ನೀಡಿಕೊಂಡು ಕೂತಿದ್ದರು. ಜೋಯಿಸರು ಶುರು ಮಾಡಿ, ಲಂಕೆ ಎಂಬ ಮಾತು ಬರುತ್ತಲೇ ತೊಡರಿ, ನನ್ನ ಕಡೆ ಕೈ ತೋರಿಸಿದರು. ಹುಡುಗ ಕಂಬದ ಹಿಂದೆ ನಿಂತು ನೋಡುತ್ತಿದ್ದ. ಆ ಕಡೆ ನೋಡಿದರೆ ನಗು ಬರುತ್ತದೆಂದು ನಾನು ಅಜ್ಜಿಯ ಕಾಲಂದುಗೆಯನ್ನೇ ನೋಡುತ್ತ ಹೇಳಿದೆ: ಅಲ್ಲಿನ ಸರ್ಕಾರದವರು ಆಗ ಗಡಿಯಾರ ಮುಂದಕ್ಕೆ ತಿರುಗಿಸಿದ್ದರು, ನಮ್ಮ ಕಂಪ್ಯೂಟರು ಆ ಗಡಿಯಾರ ನೋಡಿ ನನ್ನ ಹುಟ್ಟಿದ ಹೊತ್ತು ಹೇಳಿತು, ಈಗ ಸರಿಮಾಡಿದ್ದೇನೆ.

ಅಜ್ಜಿ ಎಲ್ಲ ಕೇಳಿಸಿಕೊಂಡು, "ಅಲ್ಲ ಕಣವ್ವಾ, ಮುಳ್ಳು ತಿರುಗ್ಸುದ್ರೆ ಹೊತ್ತು ಬೇಗ ಹುಟ್ತದಾ?" ಎಂದರು.

ಇಲ್ಲ ಅಜ್ಜಿ ಎಂದೆ.

"ಮತ್ತೆ ನಿಮ್ಮಮ್ಮನ್ನ ಕೇಳುದ್ರೆ ಆಗ್ತಿರ್ಲಿಲ್ವಾ? ಹೆತ್ತೋಳು ಅವ್ಳು, ಕಂಪ್ಯೂಟ್ರಲ್ಲ."

ಆಗ ಕಂಬದ ಹಿಂದಿನಿಂದ ಒಂದು ಬಿಕ್ಕಳಿಕೆ ಕೇಳಿಸಿತು. ನಾನು ತಿರುಗಿ ನೋಡಿದ್ದೇ ತಪ್ಪಾಯಿತು. ನಕ್ಕುಬಿಟ್ಟೆ. ಹಿರಿಯರ ಮುಂದೆ ಹಾಗೆ ನಗಬಾರದೆಂದು ಅಮ್ಮ ಚಿವುಟಿದಷ್ಟೂ ಜಾಸ್ತಿಯಾಯಿತು. ಅಜ್ಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಸೊಸೆಯನ್ನು ಕೂಗಿದರು. "ಇವ್ಳಿಗೆ ಕುಜನೂ ಇಲ್ಲ, ಶನಿನೂ ಇಲ್ಲ ಬುಡು. ಎಲೆ ಹಾಕ್ರಮ್ಮ, ನಂಗೂ ಹಸಿವಾಯ್ತದೆ."

ಊಟ ಮುಗಿಸಿ ಹೊರಡುವಾಗ ಹುಡುಗ ಮನೆಯ ಹಿಂದಿನ ತನ್ನ ನರ್ಸರಿಯಿಂದ ಎರಡು ತೆಂಗಿನ ಸಸಿ ತಂದು ವ್ಯಾನಿನ ಹಿಂದೆ ಇಟ್ಟ. ಜಾಗ ಸಾಲದೆ ಅವುಗಳ ಗರಿ ನಮ್ಮ ಸೀಟಿನವರೆಗೂ ಬಂದಿತ್ತು. ಚಿಕ್ಕನಾಯಕನಹಳ್ಳಿ ದಾಟುವ ಹೊತ್ತಿಗೆ ಜೋಯಿಸರಿಗೆ ನಿದ್ದೆ ಬಂತು. ರಸ್ತೆಯ ಪ್ರತಿ ಉಬ್ಬಿಗೂ ಒಂದು ಗರಿ ಅವರ ಕಿವಿಗೆ ತಾಗುತ್ತಿತ್ತು. ಅವರು ನಿದ್ದೆಯಲ್ಲೇ ನೊಣ ಹೊಡೆಯುವಂತೆ ಕೈಯಾಡಿಸುತ್ತಿದ್ದರು. ಗರಿ ಹಿಡಿದುಕೋ, ಅವರಿಗೆ ಎಚ್ಚರವಾದೀತು ಎಂದಳು ಅಮ್ಮ. ಹಿಡಿದುಕೊಂಡೆ. ಮುಂದಿನ ಉಬ್ಬು ಬರುವಾಗ ಬೇಕೆಂದೇ ಬಿಟ್ಟೆ.